ಸಿಕ್ಕಾಗ ಮಾತ್ರ ಬೆಳಗುವ ಅಣು

ಕೇಳುಗರೇ, ನಮಸ್ಕಾರ.

ಒಂದು ಹನಿ ಕಫದಲ್ಲಿ ರೋಗಿಯ ಡಿಎನ್‌ಎ ಇರುತ್ತದೆ, ಬಾಯಲ್ಲಿರುವ ನೂರೆಂಟು ಬ್ಯಾಕ್ಟೀರಿಯಾಗಳ ಡಿಎನ್‌ಎಯೂ ಇರುತ್ತದೆ. ಅದರ ನಡುವೆ ಕ್ಷಯದ ಬ್ಯಾಕ್ಟೀರಿಯಾದ ಡಿಎನ್‌ಎ ಇದೆಯಾ ಅಂತ ನೋಡಬೇಕು. ಈ ಹುಡುಕಾಟಕ್ಕೆ ಬಳಸುವ ಪುಟ್ಟ ಅಣುಗಳೇ ಫ್ಲೋರೆಸೆಂಟ್ ಪ್ರೋಬ್‌ಗಳು.

ಕೆಲವು ವಸ್ತುಗಳು ಒಂದು ಬಣ್ಣದ ಬೆಳಕನ್ನು ಹೀರಿಕೊಂಡು ಬೇರೆ ಬಣ್ಣದ ಬೆಳಕನ್ನು ಹೊರಬಿಡುತ್ತವೆ. ನೀಲಿ ಬೆಳಕು ಬಿಟ್ಟರೆ ಹಸಿರು ಬರುತ್ತದೆ. 1852ರಲ್ಲಿ ವಿಜ್ಞಾನಿ ಜಾರ್ಜ್ ಸ್ಟೋಕ್ಸ್ ಕ್ವಿನೈನ್ ದ್ರಾವಣದಲ್ಲಿ ಇಂಥದ್ದನ್ನೇ ವಿವರಿಸಿದರು. ಪ್ರೋಬ್‌ಗೆ ಇಂಥ ಒಂದು ಬಣ್ಣವನ್ನು ಜೋಡಿಸಿರುತ್ತಾರೆ.

ಇನ್ನು ಗುರುತು ಹಿಡಿಯುವ ಕೆಲಸ. ಡಿಎನ್‌ಎಯಲ್ಲಿ ನಾಲ್ಕೇ ಅಕ್ಷರ. ಎ ಟಿಯನ್ನು ಹಿಡಿಯುತ್ತದೆ, ಜಿ ಸಿಯನ್ನು. ನಮಗೆ ಬೇಕಾದ ತುಣುಕಿಗೆ ಸರಿಹೊಂದುವ 20 ಅಕ್ಷರದ ಎಳೆಯನ್ನು ತಯಾರಿಸಿದರೆ ಅದು ಹೋಗಿ ಅಲ್ಲೇ ಕೂರುತ್ತದೆ. 20 ಸಾಕಾ? ನಾಲ್ಕು ಅಕ್ಷರಗಳಲ್ಲಿ 20 ಉದ್ದದ ಸಾಲುಗಳನ್ನು 1 ಲಕ್ಷ ಕೋಟಿಗಿಂತ ಹೆಚ್ಚು ಬಗೆಯಲ್ಲಿ ಬರೆಯಬಹುದು. ಮನುಷ್ಯನ ಜೀನೋಮ್, ಅಂದರೆ ಒಂದು ಪೂರ್ತಿ ಡಿಎನ್‌ಎ ಬರಹ, ಸೇರಿದರೂ ಸುಮಾರು 300 ಕೋಟಿ ಅಕ್ಷರ. ಹಾಗಾಗಿ ಅದೇ ಸಾಲು ಸುಮ್ನೆ ಇನ್ನೆಲ್ಲೋ ಸಿಗುವುದು ತೀರಾ ಅಪರೂಪ.

ನಿಜವಾದ ತೊಡಕು ಬೇರೆ ಇದೆ. ಬಣ್ಣ ಅಂಟಿಸಿದ ಎಳೆ ಗುರಿ ಸಿಕ್ಕರೂ ಬೆಳಗುತ್ತದೆ, ಸಿಗದಿದ್ದರೂ ಬೆಳಗುತ್ತದೆ. ಕೂರದೆ ಉಳಿದದ್ದನ್ನೆಲ್ಲ ತೊಳೆದು ತೆಗೆಯಬೇಕು. ಮುಚ್ಚಿದ ಟ್ಯೂಬಿನೊಳಗೆ ತೊಳೆಯುವುದು ಹೇಗೆ? ಅಂದರೆ, ಬೆಳಗಿಸುವುದಕ್ಕಿಂತ ಕತ್ತಲಾಗಿ ಇರಿಸುವುದೇ ಕಷ್ಟದ ಕೆಲಸ. ಈ ವಿದ್ಯೆಯ ಜಾಣ್ಮೆಯೆಲ್ಲ ಅಲ್ಲೇ ಇದೆ ಅಂತ ನನಗನ್ನಿಸುತ್ತದೆ.

1996ರಲ್ಲಿ ಸಂಜಯ್ ತ್ಯಾಗಿ ಮತ್ತು ಫ್ರೆಡ್ ಕ್ರೇಮರ್ ಇದಕ್ಕೊಂದು ಸೊಗಸಾದ ದಾರಿ ತೋರಿಸಿದರು. ಅವರ ಪ್ರೋಬ್‌ನ ಹೆಸರು ಮಾಲಿಕ್ಯುಲರ್ ಬೀಕನ್. ಅದರ ಎರಡು ತುದಿಗಳು ಒಂದಕ್ಕೊಂದು ಜೋಡಿಯಾಗುವ ಹಾಗೆ ಅಕ್ಷರಗಳನ್ನು ಹಾಕಿರುತ್ತಾರೆ. ಹಾಗಾಗಿ ಇಡೀ ಎಳೆ ಹೇರ್‌ಪಿನ್ ತರಹ ಮಡಚಿಕೊಳ್ಳುತ್ತದೆ. ಒಂದು ತುದಿಯಲ್ಲಿ ಬಣ್ಣ, ಇನ್ನೊಂದರಲ್ಲಿ ಬೆಳಕನ್ನು ನುಂಗುವ ಕ್ವೆಂಚರ್. ಎರಡೂ ಅಂಟಿಕೊಂಡಂತೆ ಇರುವಾಗ ಬಣ್ಣ ಹೀರಿದ ಶಕ್ತಿಯನ್ನೆಲ್ಲ ಕ್ವೆಂಚರ್ ಕಸಿದುಕೊಂಡು ಬಿಸಿಯಾಗಿ ಕಳೆದುಬಿಡುತ್ತದೆ. ಗುರಿ ಸಿಕ್ಕಿತು ಅನ್ನಿ. ನಡುವಿನ ಭಾಗ ಅದರ ಜೊತೆ ಸೇರಿ ಬಿಗಿಯಾಗಿ ನೆಟ್ಟಗಾಗುತ್ತದೆ. ತುದಿಗಳು ಬಿಟ್ಟುಕೊಳ್ಳಲೇಬೇಕು. ಕೆಲವೇ ನ್ಯಾನೋಮೀಟರ್ ದೂರ ಸರಿದರೂ ಸಾಕು, ಬೆಳಕು ಬರುತ್ತದೆ.

ಈ ಮಡಿಕೆಯಿಂದ ಇನ್ನೊಂದು ಲಾಭವೂ ಇದೆ. ಮಡಚಿಕೊಂಡೇ ಇರುವುದು ಪ್ರೋಬ್‌ಗೆ ಹಿತ. ಅದನ್ನು ಬಿಚ್ಚಿಸಬೇಕಾದರೆ ಗುರಿಯ ಜೊತೆಗಿನ ಜೋಡಿ ಗಟ್ಟಿಯಾಗಿರಬೇಕು. ಸರಿಯಾದ ಬಿಸಿಯಲ್ಲಿ ಇಟ್ಟರೆ, ಒಂದೇ ಒಂದು ಅಕ್ಷರ ತಪ್ಪಿದ್ದರೂ ಅದು ಬಿಚ್ಚಿಕೊಳ್ಳುವುದಿಲ್ಲ.

ಕ್ಷಯ ಪತ್ತೆಯಲ್ಲಿ ಇದು ಎಷ್ಟು ಕೆಲಸಕ್ಕೆ ಬಂತು ನೋಡಿ. ವಿಶ್ವ ಆರೋಗ್ಯ ಸಂಸ್ಥೆ 2010ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟ ‘ಎಕ್ಸ್‌ಪರ್ಟ್’ ಎಂಬ ಕ್ಷಯ ಪರೀಕ್ಷೆಯಲ್ಲಿ ಇಂಥ ಐದು ಪ್ರೋಬ್‌ಗಳಿದ್ದವು. ಆರ್‌ಪಿಒಬಿ ಎಂಬ ಜೀನಿನ 81 ಅಕ್ಷರಗಳ ಜಾಗವನ್ನು ಅವು ಹಂಚಿಕೊಂಡು ಕಾಯುತ್ತವೆ. ರಿಫಾಂಪಿಸಿನ್ ಎಂಬ ಕ್ಷಯದ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಬದಲಾವಣೆ ಆಗುವುದು ಅಲ್ಲೇ. ಐದೂ ಬೆಳಗಿದರೆ ಕ್ಷಯ ಇದೆ, ಔಷಧಿ ಕೆಲಸ ಮಾಡುತ್ತದೆ. ಕೆಲವು ಬೆಳಗಿ ಒಂದು ಬೆಳಗದಿದ್ದರೆ, ಅಥವಾ ತೀರಾ ತಡವಾಗಿ ಬೆಳಗಿದರೆ, ಆ ಜಾಗದಲ್ಲಿ ಅಕ್ಷರ ಬದಲಾಗಿದೆ ಎಂದರ್ಥ. ಬೆಳಗದೆ ಉಳಿದ ಪ್ರೋಬ್ ಕೂಡ ಸುದ್ದಿ ಹೇಳುತ್ತದೆ ಅಲ್ವಾ! ಬ್ಯಾಕ್ಟೀರಿಯಾ ಬೆಳೆಸಿ ನೋಡಲು ವಾರಗಟ್ಟಲೆ ಬೇಕಾಗಿದ್ದ ಉತ್ತರ ಸುಮಾರು 2 ಗಂಟೆಯಲ್ಲಿ ಬಂತು.

ಬದುಕಿರುವ ಜೀವಕೋಶದೊಳಗೆ ಕಳಿಸಿದಾಗ ಮಾತ್ರ ಕಷ್ಟ ಜಾಸ್ತಿ. ಅಲ್ಲಿನ ಕಿಣ್ವಗಳು ಪ್ರೋಬನ್ನೇ ಕತ್ತರಿಸುತ್ತವೆ. ಬಣ್ಣ ಕ್ವೆಂಚರ್‌ನಿಂದ ಬೇರೆಯಾಗಿ, ಗುರಿ ಇಲ್ಲದಿದ್ದರೂ ಬೆಳಗಿಬಿಡುತ್ತದೆ. ಅದಕ್ಕೇ ಎಳೆಯ ಸಕ್ಕರೆ ಭಾಗವನ್ನು ಕೊಂಚ ಬದಲಿಸಿ, ಕಿಣ್ವದ ಹಿಡಿತಕ್ಕೆ ಸಿಗದ ಹಾಗೆ ಮಾಡುತ್ತಾರೆ. ಹಾಗೆ ತಯಾರಾದ ಪ್ರೋಬ್‌ಗಳಿಂದ ಒಂದು ಆರ್‌ಎನ್‌ಎ, ಅಂದರೆ ಜೀನಿನ ನಕಲು, ಜೀವಕೋಶದೊಳಗೆ ಎಲ್ಲಿಂದ ಎಲ್ಲಿಗೆ ಸಾಗುತ್ತದೆ ಎಂಬುದನ್ನು, ಅದು ಸಾಗುತ್ತಿರುವಾಗಲೇ ನೋಡಲು ಸಾಧ್ಯವಾಗಿದೆ.

ನಮಸ್ಕಾರ.