ಶಿಂಧೆ ಎಂಬ ಹೆಸರು ಮತ್ತು ಪ್ರಣಿತಿಯ ಗೆಲುವು

ಮಹಾರಾಷ್ಟ್ರದ ಸೊಲ್ಲಾಪುರದ ಕಾಂಗ್ರೆಸ್ ಸಂಸದೆ ಪ್ರಣಿತಿ ಶಿಂಧೆ ಅವರ ಮಾತು ಬಂದಾಗಲೆಲ್ಲ, 'ಅಪ್ಪನ ಹೆಸರಿನ ಮೇಲೆ ಗೆದ್ದವರು' ಎಂದು ಹೇಳಿ ಕೈ ತೊಳೆದುಕೊಳ್ಳುವವರಿದ್ದಾರೆ. ನಾನು ಇದನ್ನು ಒಪ್ಪುವುದಿಲ್ಲ.

ಹೆಸರಿನ ನೆರವಿರಲಿಲ್ಲ ಎನ್ನುತ್ತಿಲ್ಲ. ಮಾಜಿ ಮುಖ್ಯಮಂತ್ರಿಯ ಮಗಳಲ್ಲದಿದ್ದರೆ 2009ರಲ್ಲಿ, ಮೂವತ್ತು ತುಂಬುವ ಮೊದಲೇ, ಸೊಲ್ಲಾಪುರ ನಗರ ಮಧ್ಯ ಕ್ಷೇತ್ರದ ಟಿಕೆಟ್ ಅವರಿಗೆ ಸಿಗುತ್ತಿತ್ತೇ? ಆದರೆ ಹೆಸರೇ ಗೆಲ್ಲಿಸುವುದಾದರೆ ಆ ಮನೆಯವರು ಸೊಲ್ಲಾಪುರದಿಂದ ಲೋಕಸಭೆಗೆ ನಿಂತು ಮೂರು ಬಾರಿ ಏಕೆ ಸೋತರು? 2004ರಲ್ಲಿ ತಂದೆ ಸುಶೀಲ್‌ಕುಮಾರ್ ಶಿಂಧೆ ಮುಖ್ಯಮಂತ್ರಿಯಾಗಿದ್ದಾಗಲೇ ಅವರ ಪತ್ನಿ ಉಜ್ವಲಾ ಸೋತರು. 2014ರಲ್ಲಿ ದೇಶದ ಗೃಹಸಚಿವರಾಗಿದ್ದ ಸುಶೀಲ್‌ಕುಮಾರ್ ಅವರೇ ಸೋತರು. 2019ರಲ್ಲಿ ಅಕ್ಕಲಕೋಟೆ ತಾಲೂಕಿನ ಗೌಡಗಾಂವ ಮಠದ ಜಯಸಿದ್ಧೇಶ್ವರ ಸ್ವಾಮೀಜಿಯ ಎದುರು ಮತ್ತೆ ಸೋತರು. ಅದೇ ಕ್ಷೇತ್ರವನ್ನು 2024ರಲ್ಲಿ ಮಗಳು ಎಪ್ಪತ್ತು ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು.

ಈ ಮನೆತನ ವಾಡೆ, ಸಕ್ಕರೆ ಕಾರ್ಖಾನೆಗಳ ಬಲದ ಮೇಲೆ ಬೆಳೆದದ್ದೂ ಅಲ್ಲ. ದಲಿತ ಕುಟುಂಬದ ಸುಶೀಲ್‌ಕುಮಾರ್ ಇದೇ ಊರಿನ ನ್ಯಾಯಾಲಯದಲ್ಲಿ ಸಣ್ಣ ನೌಕರಿ ಮಾಡಿದರು, ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಆದರು, 1974ರಲ್ಲಿ ಕರ್ಮಾಳಾದಿಂದ ಶಾಸಕರಾದರು. ಮಹಾರಾಷ್ಟ್ರದ ಮೊದಲ ದಲಿತ ಮುಖ್ಯಮಂತ್ರಿ ಅವರು. ಆ ಏರು ಹತ್ತಿದ್ದು ತಂದೆ. ಮಗಳ ಕಾಲಿಗೆ ಆ ಕಲ್ಲುಮುಳ್ಳು ತಾಗಲಿಲ್ಲ. ಹಾಗಾಗಿಯೇ ಅವರಿಂದ ನಾನು ಹೆಚ್ಚು ಕೇಳುತ್ತೇನೆ.

2009ರಲ್ಲಿ ಪ್ರಣಿತಿ ಸೋಲಿಸಿದ್ದು ಕಮ್ಯುನಿಸ್ಟ್ ನಾಯಕ ನರಸಯ್ಯ ಆಡಂ ಅವರನ್ನು. ಊರು ಅವರನ್ನು ಆಡಂ ಮಾಸ್ತರ ಎಂದೇ ಕರೆಯುತ್ತದೆ. ಅಧಿಕಾರ ಹೋಯಿತೆಂದು ಅವರು ಮನೆ ಸೇರಲಿಲ್ಲ. ಬೀಡಿ ಕಟ್ಟುವ ಹೆಂಗಸರಿಗೆ, ಅಸಂಘಟಿತ ಕಾರ್ಮಿಕರಿಗೆ ಸ್ವಂತ ಸೂರು ಬೇಕೆಂದು ಹಟ ಹಿಡಿದರು. ಕುಂಭಾರಿ ಬಳಿಯ ರೇನಗರದಲ್ಲಿ 15,000 ಮನೆಗಳನ್ನು 2024ರ ಜನವರಿಯಲ್ಲಿ ಪ್ರಧಾನಿಯೇ ಬಂದು ಹಸ್ತಾಂತರಿಸಬೇಕಾಯಿತು. ಸೋತವರು ಅಷ್ಟು ಮಾಡಿದರು. ಮೂರು ಅವಧಿಗೆ ಶಾಸಕಿಯಾಗಿದ್ದವರು ಬಿಟ್ಟುಹೋದ ಅಂಥದೊಂದು ಗುರುತು ನನಗೆ ಕಾಣುತ್ತಿಲ್ಲ. ಅವರು ದೆಹಲಿಗೆ ಹೋಗಿ ಆರು ತಿಂಗಳು ತುಂಬುವ ಮೊದಲೇ ಆ ವಿಧಾನಸಭಾ ಕ್ಷೇತ್ರ ಬಿಜೆಪಿಯ ಪಾಲಾಯಿತು. ಕಾಂಗ್ರೆಸ್ಸಿನವರು ಕೂತು ಯೋಚಿಸಬೇಕಾದ ಸಂಗತಿ ಅದು.

ನಾವು ಕನ್ನಡಿಗರು ಈ ಕ್ಷೇತ್ರದಲ್ಲಿ ಸಣ್ಣ ಸಂಖ್ಯೆಯಲ್ಲಿಲ್ಲ. ಅಕ್ಕಲಕೋಟೆಯನ್ನು ಕರ್ನಾಟಕಕ್ಕೆ ಸೇರಿಸಬೇಕೆಂದು 1967ರಲ್ಲಿ ಗಡಿ ವಿವಾದಕ್ಕೆಂದು ನೇಮಿಸಿದ್ದ ಮಹಾಜನ ಆಯೋಗವೇ ಶಿಫಾರಸು ಮಾಡಿತ್ತು. ಗಡಿ ಅಲ್ಲಾಡಲಿಲ್ಲ, ಇರಲಿ. ಆದರೆ ನಮ್ಮ ಬೀದಿಗೆ ಬಂದು ಮತ ಕೇಳುವಾಗ ಸಿದ್ಧರಾಮೇಶ್ವರನ ಹೆಸರು ಹೇಳಿ ಕೈಮುಗಿದರೆ ಸಾಕೆಂದು ಯಾವ ಪಕ್ಷದವರೂ ಭಾವಿಸಬಾರದು. ಅಕ್ಕಲಕೋಟೆ ಮತ್ತು ದಕ್ಷಿಣ ಸೊಲ್ಲಾಪುರದ ಕನ್ನಡ ಶಾಲೆಗಳಲ್ಲಿ ಕನ್ನಡ ಬಲ್ಲ ಶಿಕ್ಷಕರೇ ಇರಬೇಕು. ಬಸವಣ್ಣ ಕರಣಿಕನಾಗಿದ್ದ ಮಂಗಳವೇಢೆಯ ಬರದ ಹಳ್ಳಿಗಳ ಹೊಲಕ್ಕೆ ನೀರು ಬರಬೇಕು. ಉಜನಿ ಜಲಾಶಯದ ನೀರನ್ನು ನಂಬಿಕೊಂಡು ನಗರದ ಜನ ದಿನಗಟ್ಟಲೆ ನಲ್ಲಿಯತ್ತ ನೋಡುತ್ತ ಕೂರುವುದು ನಿಲ್ಲಬೇಕು.

ಪ್ರಣಿತಿಯವರೇ, ದೆಹಲಿಯಲ್ಲಿ ನಿಮ್ಮ ಮನೆತನಕ್ಕೆ ತೆರೆಯುವ ಬಾಗಿಲು ನಮಗೆ ತೆರೆಯುವುದಿಲ್ಲ. ಈ ಮೂರು ಕೆಲಸ ಹಿಡಿದು ಆ ಬಾಗಿಲು ತಟ್ಟಿ. ಮುಂದಿನ ಬಾರಿ ಊರಿಗೆ ಬಂದಾಗ ಅಕ್ಕಲಕೋಟೆಯಲ್ಲಿ ಸಭೆ ಕರೆದು, ಎಲ್ಲಿಯವರೆಗೆ ಬಂತೆಂದು ಜನರ ಮುಂದೆ ನಿಂತು ಹೇಳಿ.