ಇಪ್ಪತ್ತೊಂದು ದಿನದ ಲೆಕ್ಕ, ಜೊತೆಗೊಬ್ಬ ಅಕ್ಕ

ಕೇಳುಗರಿಗೆ ನಮಸ್ಕಾರ.

ಸ್ತನ ಕ್ಯಾನ್ಸರಿಗೆ ಕೀಮೋ ಹಾಕಿಸಿಕೊಳ್ಳುತ್ತಿರುವ ಹೆಣ್ಣುಮಗಳನ್ನು ನೋಡಲು ಬಂದವರು "ಹೇಗಿದ್ದೀಯವ್ವ?" ಅಂತ ಕೇಳುತ್ತಾರೆ. ಅದೇ ಚಿಕಿತ್ಸೆ ದಾಟಿ ಬಂದವಳು ಕೇಳುವುದೇ ಬೇರೆ. "ಯಾವ ಔಷಧಿ ಹಾಕ್ತಿದ್ದಾರೆ? ಎಷ್ಟನೇ ಡೋಸು? ಇವತ್ತಿಗೆ ಎಷ್ಟು ದಿನ ಆಯ್ತು?" ಈ ಮೂರಕ್ಕೆ ಉತ್ತರ ಸಿಕ್ಕರೆ ನಾಳೆ ನಾಡಿದ್ದು ಏನಾಗಬಹುದು ಅಂತ ಅವಳು ಹೆಚ್ಚುಕಮ್ಮಿ ಹೇಳಬಲ್ಲಳು. ಆಸ್ಪತ್ರೆಯಲ್ಲಿ ಇರುವುದು ಕೆಲವು ಗಂಟೆ. ಉಳಿದ ದಿನಗಳೆಲ್ಲ ಮಳವಳ್ಳಿಯಲ್ಲೋ ಪಾಂಡವಪುರದಲ್ಲೋ ಮೈಸೂರಿನ ಬಾಡಿಗೆ ಮನೆಯಲ್ಲೋ ಕಳೆಯುತ್ತವೆ. ಆ ದಿನಗಳ ಲೆಕ್ಕ ಗೊತ್ತಿರುವ ಒಬ್ಬ ಅಕ್ಕ ಜೊತೆಗಿರಬೇಕು.

ಹೆಚ್ಚಾಗಿ ಬಳಸುವ ಒಂದು ಕ್ರಮದಲ್ಲಿ ಡಾಕ್ಸೊರುಬಿಸಿನ್ ಮತ್ತು ಸೈಕ್ಲೊಫಾಸ್ಫಮೈಡ್ ಎಂಬ ಎರಡು ಔಷಧಿಗಳನ್ನು 21 ದಿನಕ್ಕೊಮ್ಮೆ, ನಾಲ್ಕು ಸಲ ಕೊಡುತ್ತಾರೆ. ಆಮೇಲೆ ಪ್ಯಾಕ್ಲಿಟ್ಯಾಕ್ಸೆಲ್ ಶುರುವಾಗುತ್ತದೆ. ಡಾಕ್ಸೊರುಬಿಸಿನ್ನಿನ ಬಣ್ಣ ಕೆಂಪು. ಹಾಕಿಸಿಕೊಂಡ ಒಂದೆರಡು ದಿನ ಮೂತ್ರವೂ ಕೆಂಪಗೆ ಹೋಗುತ್ತದೆ. ಅದು ರಕ್ತವಲ್ಲ. ಇಷ್ಟನ್ನು ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟೋ ಜನ ರಾತ್ರಿಯೆಲ್ಲ ಹೆದರಿ ಕೂರುವುದು ತಪ್ಪುತ್ತದೆ.

ಮೊದಲ ನಾಲ್ಕೈದು ದಿನ ವಾಕರಿಕೆಯದು. ವಾಂತಿ ಮಾತ್ರೆಯನ್ನು ವಾಂತಿ ಬಂದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ. ಚೀಟಿಯಲ್ಲಿ ಬರೆದ ಹೊತ್ತಿಗೆ, ಹೊಟ್ಟೆ ಸರಿಯಿದ್ದರೂ ತೆಗೆದುಕೊಳ್ಳಬೇಕು. ಒಗ್ಗರಣೆ ವಾಸನೆ ಹೊಟ್ಟೆ ತೊಳಸುತ್ತದೆ, ಆ ದಿನಗಳಲ್ಲಿ ಒಲೆ ಮುಂದೆ ಬೇರೆಯವರು ನಿಲ್ಲಲಿ. ಬಿಸಿ ಅಡುಗೆಗಿಂತ ಆರಿದ ಮೊಸರನ್ನ, ರಾಗಿ ಗಂಜಿ ಸುಲಭವಾಗಿ ಇಳಿಯುತ್ತವೆ. ಕೀಮೋ ದಿನ ಬಹಳ ಇಷ್ಟದ ತಿಂಡಿ ಮಾಡಿಕೊಡಬೇಡಿ. ಮನಸ್ಸು ಆ ರುಚಿಯನ್ನು ವಾಂತಿಯ ಜೊತೆ ಗಂಟು ಹಾಕಿಬಿಡುತ್ತದೆ, ಆಮೇಲೆ ತಿಂಗಳುಗಟ್ಟಲೆ ಆ ತಿಂಡಿ ಬೇಡವಾಗುತ್ತದೆ.

ವಾಂತಿಗೆ ಕೊಡುವ ಒಂಡಾನ್‌ಸೆಟ್ರಾನ್ ಮಲಬದ್ಧತೆ ತರುತ್ತದೆ. ಮೂರನೆಯ ದಿನ ಒದ್ದಾಡುವ ಬದಲು ಮೊದಲ ದಿನದಿಂದಲೇ ನೀರು ಚೆನ್ನಾಗಿ ಕುಡಿಯಬೇಕು, ಬೇಕಾದರೆ ವೈದ್ಯರನ್ನು ಕೇಳಿ ಔಷಧಿ ಪಡೆಯಬೇಕು. ಮನೆಯಲ್ಲಿ ಎನಿಮಾ ಮಾತ್ರ ಬೇಡ, ಅಲ್ಲಿ ಸಣ್ಣ ಗಾಯವಾದರೂ ಸೋಂಕು ರಕ್ತಕ್ಕೆ ಇಳಿಯಬಹುದು.

ಕೆಲವರಿಗೆ ಬಿಳಿ ರಕ್ತಕಣ ಹೆಚ್ಚಿಸುವ ಇಂಜೆಕ್ಷನ್ ಬರೆದು, ಕೀಮೋ ಮುಗಿದು 24 ಗಂಟೆಯಾದ ಮೇಲೆ ಊರಲ್ಲೇ ಹಾಕಿಸಿಕೊಳ್ಳಿ ಅನ್ನುತ್ತಾರೆ. ಅದು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು. ಬಸ್ಸಿನಲ್ಲಿ ತರುವಾಗ ಐಸಿನ ಮೇಲೆ ನೇರವಾಗಿ ಇಟ್ಟರೆ ಹೆಪ್ಪುಗಟ್ಟಿ ಕೆಡಬಹುದು. ಬಟ್ಟೆಯಲ್ಲಿ ಸುತ್ತಿ, ಐಸ್ ಪ್ಯಾಕ್ ಪಕ್ಕದಲ್ಲಿಡಿ. ಹಾಕಿಸಿಕೊಂಡ ಮೇಲೆ ಸೊಂಟ, ಬೆನ್ನಿನ ಮೂಳೆ ನೋಯುವುದುಂಟು. ಮೂಳೆಯೊಳಗೆ ರಕ್ತಕಣ ಹುಟ್ಟಿಸುವ ಅಸ್ಥಿಮಜ್ಜೆ ಕೆಲಸ ಮಾಡುತ್ತಿರುವುದರ ನೋವು ಅದು.

ಇನ್ನು ನಾನು ಒತ್ತಿ ಹೇಳಬೇಕಾದ ಮಾತು. ಏಳನೆಯ ದಿನದಿಂದ ಹದಿನಾಲ್ಕನೆಯ ದಿನದವರೆಗೆ, ಸೋಂಕು ತಡೆಯುವ ಬಿಳಿ ರಕ್ತಕಣಗಳು ತೀರಾ ಇಳಿದಿರುತ್ತವೆ. ವಾಕರಿಕೆ ಹೋಗಿ ಲವಲವಿಕೆ ಬಂದಿರುತ್ತದೆ, ಮದುವೆ ಮನೆಗೋ ಸಂತೆಗೋ ಹೋಗಿಬರೋಣ ಅನ್ನಿಸುತ್ತದೆ. ನಿಜವಾದ ಅಪಾಯ ಇರುವುದು ಆಗ. ಮನೆಯಲ್ಲಿ ಒಂದು ಡಿಜಿಟಲ್ ಥರ್ಮಾಮೀಟರ್ ಇರಲೇಬೇಕು. 100.4 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿದರೆ, ಅಥವಾ ಜ್ವರವಿಲ್ಲದೆಯೂ ಚಳಿ ನಡುಕ ಬಂದರೆ, ತಕ್ಷಣ ಆಸ್ಪತ್ರೆ. ರಾತ್ರಿ ಎರಡು ಗಂಟೆಯಾಗಿದ್ದರೂ ಸರಿ, ಬೆಳಗಿನ ಬಸ್ಸಿಗೆ ಕಾಯುವಂತಿಲ್ಲ. ಮೆಡಿಕಲ್ ಶಾಪಿನ ಪ್ಯಾರಾಸಿಟಮಾಲ್ ನುಂಗಿ ಮಲಗಿದರೆ ಜ್ವರ ಇಳಿದಂತೆ ಕಾಣುತ್ತದೆ, ಸೋಂಕು ಒಳಗೆ ಏರುತ್ತಲೇ ಇರುತ್ತದೆ. ಬಾಗಿಲಲ್ಲೇ ಹೇಳಿ: "ಕೀಮೋ ಆಗ್ತಿದೆ, ಕೊನೇ ಡೋಸು ಇಂಥ ತಾರೀಖು, ಜ್ವರ ಇದೆ." ಆ್ಯಂಟಿಬಯಾಟಿಕ್ ಒಂದು ಗಂಟೆಯೊಳಗೆ ಶುರುವಾಗಬೇಕಾದ ಸ್ಥಿತಿ ಅದು, ಸಾಲಿನಲ್ಲಿ ಕೂರುವ ಜ್ವರವಲ್ಲ. ಯಾರ ಗಾಡಿ, ಯಾರು ಜೊತೆ ಬರುತ್ತಾರೆ ಅನ್ನುವುದನ್ನು ಆರನೆಯ ದಿನವೇ ಗೊತ್ತು ಮಾಡಿಟ್ಟುಕೊಳ್ಳಿ. ಗಾಡಿ ಇಲ್ಲದಿದ್ದರೆ 108. ಈ ವಾರ ರಸ್ತೆ ಬದಿಯ ಕಬ್ಬಿನ ಹಾಲು, ಪಾನಿಪುರಿ, ಕೊಚ್ಚಿಟ್ಟ ಹಣ್ಣು ಬೇಡ. ಮಂಡ್ಯದವರಿಗೆ ಕಬ್ಬಿನ ಹಾಲು ಬಿಡಿ ಅನ್ನುವುದು ಕಷ್ಟ, ಆದರೂ ಬಿಡಿ.

ಬಾಯಿಹುಣ್ಣು ಬರುವುದೂ ಇದೇ ಹೊತ್ತಿಗೆ. ಕಾಯಿಸಿ ಆರಿಸಿದ ಒಂದು ಲೋಟ ನೀರಿಗೆ ಕಾಲು ಟೀ ಚಮಚ ಉಪ್ಪು, ಕಾಲು ಟೀ ಚಮಚ ಅಡುಗೆ ಸೋಡ ಹಾಕಿ, ದಿನಕ್ಕೆ ನಾಲ್ಕೈದು ಸಲ ಮುಕ್ಕಳಿಸಿ ಉಗಿಯಿರಿ. ಮುದ್ದೆ ಅಗಿಯದೆ ನುಂಗುವ ನಮಗೆ ಇಲ್ಲೊಂದು ಅನುಕೂಲವಿದೆ. ಮೆತ್ತಗೆ ಕಟ್ಟಿದ, ಆರಿದ ಮುದ್ದೆಯನ್ನು ಖಾರವಿಲ್ಲದ ಬೇಳೆಕಟ್ಟಿನಲ್ಲಿ ಅದ್ದಿ ನುಂಗಬಹುದು. ಬಸ್ಸಾರು ಹುಣ್ಣು ಮಾಯುವವರೆಗೆ ಕಾಯಲಿ.

ಕೂದಲು ಮೊದಲ ಡೋಸಿನಿಂದ ಎರಡು ಮೂರು ವಾರಕ್ಕೆ ಉದುರುತ್ತದೆ, ಚಿಕಿತ್ಸೆ ಮುಗಿದ ಕೆಲವು ತಿಂಗಳಲ್ಲಿ ಬರುತ್ತದೆ. ಮಾದಪ್ಪನಿಗೆ ಮುಡಿ ಕೊಟ್ಟೆ ಎಂದು ಅಕ್ಕಪಕ್ಕದವರಿಗೆ ಹೇಳುವವರಿದ್ದಾರೆ. ಯಾರಿಗೆ ಎಷ್ಟು ಹೇಳಬೇಕು ಅನ್ನುವುದು ಅವರವರ ಹಕ್ಕು.

ಪ್ಯಾಕ್ಲಿಟ್ಯಾಕ್ಸೆಲ್ ಶುರುವಾದ ಮೇಲೆ ಬೆರಳು, ಪಾದ ಜೋಮು ಹಿಡಿಯಬಹುದು. ಬರಿಗಾಲಲ್ಲಿ ಗದ್ದೆಗೆ ಇಳಿಯಬೇಡಿ, ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ. ಸ್ನಾನದ ನೀರಿನ ಬಿಸಿಯನ್ನು ಮನೆಯವರು ಮುಟ್ಟಿ ನೋಡಲಿ. ಗುಂಡಿ ಹಾಕಲು ತಡವರಿಸುವಂತಾದರೆ ಮುಂದಿನ ಡೋಸಿಗೆ ಮೊದಲೇ ವೈದ್ಯರಿಗೆ ಹೇಳಿ, ಪ್ರಮಾಣ ಬದಲಿಸಬೇಕಾಗಬಹುದು.

ಜೊತೆಗಿರುವ ಅಕ್ಕನಿಗೂ ಒಂದು ಮಾತು. "ನನಗೆ ಹೀಗಾಯ್ತು" ಅನ್ನಿ, "ನೀನು ಈ ಮಾತ್ರೆ ತಗೊ" ಅನ್ನಬೇಡಿ. "ನನಗೇನೂ ಆಗಲಿಲ್ಲ" ಅನ್ನುವ ಮುನ್ನ ಯಾವ ಔಷಧಿ ಅಂತ ಕೇಳಿ. ವಾರಕ್ಕೊಮ್ಮೆಯ ಪ್ಯಾಕ್ಲಿಟ್ಯಾಕ್ಸೆಲ್‌ನಲ್ಲಿ ವಾಂತಿ ಕಡಿಮೆ, ಕೆಂಪು ಔಷಧಿಯಲ್ಲಿ ಹೆಚ್ಚು. ಇದು ಧೈರ್ಯದ ವ್ಯತ್ಯಾಸ ಅಲ್ಲ. ಯಾರೋ ಕೊಟ್ಟ ಕಷಾಯ, ಎಲೆಪುಡಿಗಳ ಹೆಸರು ಬರೆದು ವೈದ್ಯರಿಗೆ ತೋರಿಸಲು ಹೇಳಿ. ಮುಟ್ಟು ನಿಂತದ್ದು, ಗಂಡನ ಜೊತೆಗಿನ ಸಂಕೋಚ, ಸ್ತನ ತೆಗೆದ ಕಡೆ ರವಿಕೆಯೊಳಗೆ ಇಟ್ಟ ಪ್ಯಾಡು ಮೇಲಕ್ಕೆ ಸರಿಯುವುದು, ಇವನ್ನೆಲ್ಲ ಅವಳು ನಿಮ್ಮ ಹತ್ತಿರವೇ ಹೇಳಿಕೊಳ್ಳುವುದು. ಪ್ಯಾಡು ತೀರಾ ಹಗುರಾದರೆ ಸರಿಯುತ್ತದೆ. ಒಳಗೆ ಜೇಬು ಹೊಲಿಸಿ, ಗಾಯ ಮಾಯ್ದ ಮೇಲೆ ತಳಕ್ಕೆ ಸ್ವಲ್ಪ ತೂಕ ಕೊಟ್ಟರೆ ನಿಲ್ಲುತ್ತದೆ.

ಆಪರೇಷನ್‌ನಲ್ಲಿ ಕಂಕುಳಿನ ದುಗ್ಧಗ್ರಂಥಿ ತೆಗೆಸಿಕೊಂಡವರಿಗೆ ಆ ಕಡೆಯ ಕೈ ಬಾವು ಬರುವ ಸಂಭವ ವರ್ಷಗಳವರೆಗೂ ಇರುತ್ತದೆ. ಕಬ್ಬಿನ ಗರಿ ಗೀರಿದರೂ ಸೋಪಿನಲ್ಲಿ ತೊಳೆದು ಮುಚ್ಚಿಕೊಳ್ಳಿ. ಕೆಂಪು ಹರಡಿ ಬಿಸಿಯಾದರೆ ಅಂದೇ ತೋರಿಸಿ. ಸಂಜೆ ಬಳೆ ಬಿಗಿಯಾಗುವುದು ಬಾವಿನ ಮೊದಲ ಗುರುತು. ತಿಂಗಳಿಗೊಮ್ಮೆ ಟೈಲರ್ ಟೇಪಿನಲ್ಲಿ ಮಣಿಕಟ್ಟು, ಮೊಣಕೈಗಿಂತ 10 ಸೆಂಟಿಮೀಟರ್ ಕೆಳಗೆ, 10 ಸೆಂಟಿಮೀಟರ್ ಮೇಲೆ, ಎರಡೂ ಕೈ ಅಳೆದು ಬರೆದಿಡಿ. ಎರಡು ಸೆಂಟಿಮೀಟರ್ ವ್ಯತ್ಯಾಸ ಕಂಡರೆ ತಡಮಾಡದೆ ತೋರಿಸಿ. ಒಂದೇ ಕೈಯಲ್ಲಿ ಟೇಪು ಹಿಡಿದು ತನ್ನ ತೋಳನ್ನು ತಾನೇ ಸರಿಯಾಗಿ ಅಳೆಯಲು ಬರುವುದಿಲ್ಲ. ಅವಳದನ್ನು ನೀವು ಅಳೆಯಿರಿ, ನಿಮ್ಮದನ್ನು ಅವಳು ಅಳೆಯಲಿ.

ನಮಸ್ಕಾರ.