ಕಿಟಕಿ ಸೀಟು ಎಡಕ್ಕೋ, ಬಲಕ್ಕೋ?

ಕೇಳುಗರಿಗೆಲ್ಲ ನಮಸ್ಕಾರ. ವಿಮಾನದಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೆ ಸಾಕು ಅಂತ ಬಹಳ ಜನ ಸುಮ್ಮನಾಗುತ್ತಾರೆ. ಅಷ್ಟು ಸಾಲದು. ಬೆಟ್ಟ ಬಲಗಡೆ ಇದ್ದು ನೀವು ಎಡಗಡೆ ಕೂತರೆ ಏನು ಬಂತು? ಸೀಟು ಆರಿಸುವ ಮುಂಚೆ ಒಮ್ಮೆ ನಕಾಶೆ ನೋಡಿ, ದಿಕ್ಕು ತಿಳಿದುಕೊಳ್ಳಿ.

ನಮ್ಮ ದೇವನಹಳ್ಳಿಯಿಂದಲೇ ಶುರು ಮಾಡೋಣ. ಅಲ್ಲಿನ ಎರಡೂ ರನ್‌ವೇಗಳು ಪೂರ್ವ–ಪಶ್ಚಿಮವಾಗಿವೆ. ನಂದಿ ಬೆಟ್ಟ ಇರುವುದು ಉತ್ತರಕ್ಕೆ. ವಿಮಾನ ಸಾಮಾನ್ಯವಾಗಿ ಎದುರುಗಾಳಿಗೆ ಮುಖ ಮಾಡಿ ಮೇಲೇಳುತ್ತದೆ. ಮುಂಗಾರಿನಲ್ಲಿ ಗಾಳಿ ಪಡುವಣದಿಂದ ಬೀಸುವುದರಿಂದ ಹೆಚ್ಚಾಗಿ ಪಶ್ಚಿಮಕ್ಕೆ ಏರುತ್ತದೆ, ಆಗ ನಂದಿ ಬಲಕ್ಕೆ. ಚಳಿಗಾಲದಲ್ಲಿ ಮೂಡಣ ಗಾಳಿ, ಆಗ ನಂದಿ ಎಡಕ್ಕೆ. ರನ್‌ವೇ ಇರುವುದು ಸುಮಾರು 915 ಮೀಟರ್ ಎತ್ತರದಲ್ಲಿ, ಬೆಟ್ಟದ ನೆತ್ತಿ 1,478 ಮೀಟರ್. ನೆಲ ಬಿಟ್ಟ ಒಂದೆರಡು ನಿಮಿಷಕ್ಕೆ ನೀವು ಬೆಟ್ಟಕ್ಕೆ ಸರಿಸಮ ಆಗಿಬಿಡುತ್ತೀರಿ. ಆ ಹೊತ್ತಿಗೆ ಫೋನ್ ಒಳಗಿಟ್ಟು ಹೊರಗೆ ನೋಡಿ, ಆ ನೋಟ ಮತ್ತೆ ಸಿಗುವುದಿಲ್ಲ.

ಇನ್ನು ಬಿಸಿಲು. ಸೂರ್ಯನ ಕಡೆ ಕೂತರೆ ಕಣ್ಣಿಗೆ ಚುಚ್ಚುತ್ತದೆ, ಕೆಳಗಿನದೆಲ್ಲ ಮಂಜು ಮಂಜು. ಬೆಳಗ್ಗೆ ದೆಹಲಿಗೆ ಹೋಗುವವರಿಗೆ ಎಡಗಡೆ ಒಳ್ಳೆಯದು, ಸಂಜೆಯಾದರೆ ಬಲಗಡೆ. ಸೂರ್ಯನಿಗೆ ಬೆನ್ನು ಹಾಕಿ ಕೂತವರಿಗೆ ಇನ್ನೊಂದು ಲಾಭ ಇದೆ. ಕೆಳಗೆ ಮೋಡ ಇದ್ದರೆ ಅದರ ಮೇಲೆ ವಿಮಾನದ ನೆರಳು ಓಡುತ್ತಿರುತ್ತದೆ, ಅದರ ಸುತ್ತ ಬಣ್ಣದ ಉಂಗುರ. ಮೋಡದ ಸಣ್ಣ ಹನಿಗಳು ಬೆಳಕನ್ನು ಬಂದ ದಾರಿಗೇ ತಿರುಗಿಸುವುದರಿಂದ ಹಾಗೆ ಕಾಣುತ್ತದೆ.

ನನ್ನನ್ನು ಕೇಳಿದರೆ, ಬೆಂಗಳೂರಿನಿಂದ ಹೊರಡುವ ಚಿಕ್ಕ ಪ್ರಯಾಣಗಳಲ್ಲಿ ಮಂಗಳೂರಿನದೇ ಚೆಂದ. ವಿಮಾನ ಹೆಚ್ಚುಕಡಿಮೆ ನೇರ ಪಶ್ಚಿಮಕ್ಕೆ ಹೋಗುತ್ತದೆ. ಬಯಲು, ಕೆರೆ, ತೆಂಗಿನ ತೋಟ ಮುಗಿದು ಕಾಫಿ ಸೀಮೆ ಬರುತ್ತದೆ, ಆಮೇಲೆ ನೆಲ ಒಮ್ಮೆಗೇ ಕುಸಿದ ಹಾಗೆ ಘಟ್ಟ ಇಳಿಯುತ್ತದೆ. ಬಲಗಡೆಗೆ 1,894 ಮೀಟರಿನ ಕುದುರೆಮುಖ. ಎಡಗಡೆ ದೂರದಲ್ಲಿ ಪುಷ್ಪಗಿರಿ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ನಾನು ಬಲಗಡೆಯನ್ನೇ ಹೇಳುತ್ತೇನೆ. ಜುಲೈಯಲ್ಲಿ ಮಾತ್ರ ಬರೀ ಮೋಡ. ಅಕ್ಟೋಬರ್, ನವೆಂಬರಿನಲ್ಲಿ ಹೋಗಿ: ಮಳೆ ತೊಳೆದ ಗಾಳಿ, ಹಸಿರು ಇನ್ನೂ ಮಾಸಿರುವುದಿಲ್ಲ.

ಸಾಲಿನ ವಿಷಯ ಬೇಗ ಹೇಳಿಬಿಡುತ್ತೇನೆ. ಏರ್‌ಬಸ್ 320ರಂಥ ವಿಮಾನದಲ್ಲಿ ಎಡಗಡೆಯ ಕಿಟಕಿ ಎ, ಬಲಗಡೆಯದು ಎಫ್. ಸುಮಾರು 10ರಿಂದ 20ನೇ ಸಾಲಿನವರೆಗೆ ರೆಕ್ಕೆ ಅಡ್ಡ ಬರುತ್ತದೆ. ಎಂಜಿನ್ನಿನ ಹಿಂದೆ ಕೂತರೆ ಬಿಸಿಗಾಳಿಗೆ ಹೊರಗಿನದೆಲ್ಲ ನಡುಗಿದಂತೆ ಕಾಣುತ್ತದೆ, ಅದಕ್ಕೇ ಮುಂದಿನ ಸಾಲು ಮೇಲು. ಪುಟ್ಟ ಎಟಿಆರ್ ವಿಮಾನದಲ್ಲಿ ಈ ತಲೆನೋವಿಲ್ಲ, ರೆಕ್ಕೆ ಕಿಟಕಿಗಿಂತ ಮೇಲಿರುತ್ತದೆ.

ಕಿಟಕಿಯ ಕೆಳಭಾಗದಲ್ಲಿ ಸೂಜಿ ತೂರಿಸಿದಂಥ ಒಂದು ತೂತು ಇರುತ್ತದೆ, ಗಮನಿಸಿದ್ದೀರಾ? ಪದರಗಳ ನಡುವಿನ ಗಾಳಿಯ ಒತ್ತಡ ಸರಿದೂಗಿಸುವುದು, ಕಿಟಕಿಗೆ ಮಂಜು ಹಿಡಿಯದಂತೆ ನೋಡಿಕೊಳ್ಳುವುದು ಅದರ ಕೆಲಸ. ಮೇಲೆ ಹೋದಾಗ ಅದರ ಸುತ್ತ ಹಿಮದ ಹರಳು ಕಟ್ಟುತ್ತದೆ. ಮಕ್ಕಳಿಗೆ ತೋರಿಸಿ.

ದೂರ ಹೋಗುವವರಿಗೂ ಒಂದು ಮಾತು. ದೆಹಲಿಯಿಂದ ಪಶ್ಚಿಮ ಬಂಗಾಳದ ಬಾಗ್ಡೋಗ್ರಾಕ್ಕೆ ಹೋಗುವಾಗ ಹಿಮಾಲಯ ಪೂರ್ತಿ ಎಡಗಡೆ. ಆಕಾಶ ತಿಳಿಯಾಗಿದ್ದರೆ ಎವರೆಸ್ಟ್, ಕಾಂಚನಜುಂಗಾ ಎರಡೂ ಕಾಣುತ್ತವೆ. ವಾಪಸ್ ಬರುವಾಗ ಬಲಗಡೆ ಹಿಡಿಯಿರಿ. ನಮಸ್ಕಾರ.